ಸಂಪಾದಕರ ಉತ್ತರ: ತಂದೆಯ ಯೆಜ್ಡಿಯಲ್ಲಿ ತಲಕಾವೇರಿಗೆ

ಪತ್ರದ ಸಾರ: ಸಿದ್ದಾಪುರ ಸಮೀಪದ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ತಂದೆಯವರ ಯೆಜ್ಡಿ ರೋಡ್‌ಕಿಂಗ್ ಅನ್ನು ರಿಪೇರಿ ಮಾಡಿಸಿ ಓಡಿಸುತ್ತಿದ್ದೇನೆ. ಮಡಿಕೇರಿಯ ಬೈಕ್ ಕ್ಲಬ್ಬೊಂದು ಜನವರಿಯ ಭಾನುವಾರವೊಂದರಲ್ಲಿ ತಲಕಾವೇರಿಗೆ ಹೊರಟಿದ್ದು, ನನ್ನನ್ನೂ ಕರೆದಿದೆ. ಬೆಳಿಗ್ಗೆ ಆರಕ್ಕೆ ಜನರಲ್ ತಿಮ್ಮಯ್ಯ ವೃತ್ತದಲ್ಲಿ ಸೇರಬೇಕಂತೆ. ಗುಂಪಿನಲ್ಲಿ ಓಡಿಸಿ ಅಭ್ಯಾಸವಿಲ್ಲ. ಉಳಿದವರದ್ದೆಲ್ಲ ಹೊಸ ದೊಡ್ಡ ಬೈಕುಗಳು. ಹಿಂದೆ ಬಿದ್ದರೆ ಏನು ಗತಿ? ವಾರಾಂತ್ಯದ ಬೈಕ್ ಗುಂಪುಗಳನ್ನು ಕಂಡರೆ ನಮ್ಮ ಊರಿನವರಿಗೆ ಆಗುವುದಿಲ್ಲ. ಅದರಲ್ಲಿ ನಾನೂ ಒಬ್ಬನಾಗಲೇ? – ಹೆಸರು ಬೇಡ, ಸಿದ್ದಾಪುರ

ಹೋಗಿ ಬನ್ನಿ. ಮುಂದೆ ಬರೆಯುವುದರಲ್ಲಿ ಎಚ್ಚರಿಕೆಯ ಮಾತುಗಳೇ ಹೆಚ್ಚಾಗಿರುವುದರಿಂದ, ಓದುತ್ತ ಓದುತ್ತ ನೀವು ಮನಸ್ಸು ಬದಲಿಸಬಾರದೆಂದು ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಹೆಸರು ಕೊಡುವ ಮೊದಲು ಕ್ಲಬ್ಬಿನವರಿಗೆ ಫೋನ್ ಮಾಡಿ, ಎಲ್ಲರಿಗಿಂತ ಕೊನೆಯಲ್ಲಿ ಬರುವವರು ಯಾರು ಎಂದು ಕೇಳಿ. ಕಟ್ಟುನಿಟ್ಟಾದ ಕ್ಲಬ್ಬುಗಳಲ್ಲಿ ಮುಂದೆ ದಾರಿ ತೋರಿಸುವ ‘ಲೀಡ್’ ಇದ್ದಂತೆ ಹಿಂದೆ ‘ಸ್ವೀಪ್’ ಎಂಬ ಅನುಭವಿ ಸವಾರ ಇರುತ್ತಾನೆ. ಅವನು ಯಾರನ್ನೂ ಹಿಂದಿಕ್ಕುವುದಿಲ್ಲ. ಯಾರದ್ದಾದರೂ ಬೈಕು ಕೆಟ್ಟರೆ ಅವನೂ ಅಲ್ಲೇ ನಿಲ್ಲುತ್ತಾನೆ. ಇಂಥವರ ಹೆಸರು ಫೋನಿನಲ್ಲಿ ಥಟ್ಟನೆ ಬಂದರೆ ನೀವು ಹಿಂದೆ ಬೀಳುವ ಚಿಂತೆ ಬಿಡಬಹುದು. ‘ಎಲ್ಲ ಒಟ್ಟಿಗೇ ಹೋಗುತ್ತೇವೆ, ತೊಂದರೆ ಏನಿಲ್ಲ’ ಎಂಬ ಉತ್ತರ ಬಂದರೆ ಆ ಭಾನುವಾರ ತೋಟದ ಲೆಕ್ಕ ಬರೆಯುವುದೇ ವಾಸಿ.

ಇನ್ನೊಂದು ಪ್ರಶ್ನೆಯೂ ಇದೆ. ದಾರಿ ಕವಲೊಡೆಯುವಲ್ಲಿ ಯಾರಾದರೂ ನಿಲ್ಲುತ್ತಾರೆಯೇ? ಗುಂಪಿನ ಒಬ್ಬ ಸವಾರ ಕವಲಿನಲ್ಲಿ ನಿಂತು, ಸ್ವೀಪ್ ಬರುವವರೆಗೂ ಉಳಿದವರಿಗೆ ದಾರಿ ತೋರಿಸುವ ಪದ್ಧತಿಯೊಂದಿದೆ. ಮಡಿಕೇರಿಯಿಂದ ಬೆಟ್ಟಗೇರಿ, ಚೇರಂಬಾಣೆ ದಾಟಿ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಮೊಬೈಲ್ ಸಿಗ್ನಲ್ ನಂಬಿ ಕೂರುವಂತಿಲ್ಲ ಎಂಬುದು ನಿಮಗೆ ನಾನು ಹೇಳಬೇಕಾದುದಲ್ಲ. ಕವಲಿನಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ಮುಂದಿನವನ ಹಿಂದೀಪ ಕಣ್ಮರೆಯಾಯಿತೆಂದು ಯಾರೂ ಗಾಬರಿಯಿಂದ ಆಕ್ಸಿಲರೇಟರ್ ತಿರುವಬೇಕಾಗಿಲ್ಲ.

ಗುಂಪು ಸವಾರಿಯ ಅಪಾಯವೆಲ್ಲ ಆ ಗಾಬರಿಯಲ್ಲೇ ಇದೆ. ಹತ್ತು ಬೈಕುಗಳು ಎರಡೆರಡು ಸೆಕೆಂಡಿನ ಅಂತರ ಇಟ್ಟುಕೊಂಡು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ ಮೊದಲನೆಯವನಿಗೂ ಕೊನೆಯವನಿಗೂ ನಡುವೆ ಸುಮಾರು 200 ಮೀಟರ್ ದೂರವಿರುತ್ತದೆ. ಕೊಡಗಿನ ರಸ್ತೆಯಲ್ಲಿ 200 ಮೀಟರ್ ಎಂದರೆ ನಡುವೆ ಮೂರು ತಿರುವು. ಮುಂದಾಳು ತಿರುವು ಮುಗಿಸಿ ವೇಗ ಹೆಚ್ಚಿಸುವಾಗ ಹಿಂದಿನವರು ಇನ್ನೂ ಅದೇ ತಿರುವಿನಲ್ಲಿ ಬ್ರೇಕ್ ಹಿಡಿದಿರುತ್ತಾರೆ. ಹೊರಬಂದು ನೋಡಿದರೆ ಮುಂದೆ ಯಾರೂ ಇಲ್ಲ! ಅಂತರ ತುಂಬಿಸಲು ಪ್ರತಿಯೊಬ್ಬನೂ ತನ್ನ ಮುಂದಿನವನಿಗಿಂತ ತುಸು ಜೋರಾಗಿ ಓಡಿಸುತ್ತಾನೆ. ಮುಂದಾಳು 45ರಲ್ಲಿ ಆರಾಮವಾಗಿ ಹೋಗುತ್ತಿರುವಾಗ ಬಾಲದಲ್ಲಿರುವವನು 65ರಲ್ಲಿ ಒದ್ದಾಡುತ್ತಿರುತ್ತಾನೆ. ಆದ್ದರಿಂದ ಹೊಸಬರು ಸಂಕೋಚದಿಂದ ಹಿಂದೆ ಸರಿಯಬಾರದು, ಲೀಡ್‌ನ ಬೆನ್ನಿಗೇ ಎರಡನೆಯವರಾಗಿ ಹೋಗಬೇಕು. ಆಗ ಇಡೀ ಗುಂಪು ನಿಮ್ಮ ವೇಗಕ್ಕೆ ಹೊಂದಿಕೊಳ್ಳುತ್ತದೆ. ಆ ಜಾಗವನ್ನು ಕೇಳಿ ಪಡೆಯಿರಿ. ನಿಮ್ಮ ಹಿಂದಿನವರು ಯೆಜ್ಡಿಯ ಹೊಗೆ ಕುಡಿಯಬೇಕಾಗುತ್ತದೆ, ನಿಜ. ಹಳೆಯ ಬೈಕನ್ನು ಜೊತೆಗೆ ಕರೆದ ಮೇಲೆ ಅಷ್ಟನ್ನು ಅವರು ಸಹಿಸಿಕೊಳ್ಳಲಿ.

ನೇರವಾದ ರಸ್ತೆಯಲ್ಲಿ ಒಬ್ಬರು ಬಲಕ್ಕೆ, ಮುಂದಿನವರು ಎಡಕ್ಕೆ ಎಂಬಂತೆ ಅಂಕುಡೊಂಕು ಸಾಲಿನಲ್ಲಿ ಸಾಗುವುದನ್ನು ನೀವು ಹೆದ್ದಾರಿಯಲ್ಲಿ ನೋಡಿರುತ್ತೀರಿ. ಕುಶಾಲನಗರದ ಕಡೆಗೆ ಅದು ಸರಿ. ಭಾಗಮಂಡಲದ ರಸ್ತೆಯ ತಿರುವುಗಳಲ್ಲಿ ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. ಬಲಕ್ಕೆ ತಿರುಗುವ ತಿರುವುಗಳಲ್ಲಂತೂ ಇನ್ನೊಂದು ಸೂಕ್ಷ್ಮ ಇದೆ. ಬೈಕು ಬಲಕ್ಕೆ ವಾಲಿದಾಗ ಚಕ್ರ ರಸ್ತೆಯ ನಡುಗೆರೆಯ ಈಚೆಗಿದ್ದರೂ ನಿಮ್ಮ ತಲೆ, ಭುಜಗಳು ಗೆರೆಯ ಆಚೆಗೆ ಚಾಚಿರುತ್ತವೆ. ಎದುರಿನಿಂದ ತಿರುವನ್ನು ಕತ್ತರಿಸಿಕೊಂಡು ಬರುವ ಬಸ್ಸಿನ ಮೂಲೆ ಬರುವುದು ಅಲ್ಲಿಗೇ. ಆದ್ದರಿಂದ ಬಲತಿರುವಿಗೆ ರಸ್ತೆಯ ಎಡಭಾಗದಿಂದಲೇ ಹೊಕ್ಕು, ತಿರುವಿನ ಕೊನೆ ಕಣ್ಣಿಗೆ ಬೀಳುವವರೆಗೂ ಎಡವನ್ನೇ ಹಿಡಿದಿರಿ. ಆದರೆ ತೀರಾ ಅಂಚಿಗೂ ಬೇಡ. ಮರದ ನೆರಳಿನಲ್ಲಿ ಬಿಸಿಲು ಕಾಣದ ಅಂಚಿನಲ್ಲಿ ಜನವರಿಯಲ್ಲೂ ಪಾಚಿ, ಒದ್ದೆ ತರಗೆಲೆ ಇರುತ್ತವೆ. ಕಿರಿದಾದ ಏರಿನಲ್ಲಿ ಮೇಲಕ್ಕೆ ಬರುವ ವಾಹನಕ್ಕೇ ಮೊದಲ ಹಕ್ಕು. ಇಳಿಯುವಾಗ ಇದು ನೆನಪಿರಲಿ.

ಇನ್ನು ನಿಮ್ಮ ಯೆಜ್ಡಿಯ ಮಾತು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂದರೆ ನಿಮ್ಮ ಬೈಕಿಗೆ ಕಡಿಮೆಯೆಂದರೂ ಮೂವತ್ತರ ಆಸುಪಾಸು. ಹದಿನೈದು ವರ್ಷ ಕಳೆದ ಬೈಕಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಅದನ್ನೂ ವಿಮೆಯನ್ನೂ ಹೊಗೆ ತಪಾಸಣೆ ಪತ್ರವನ್ನೂ ಈಗಲೇ ನೋಡಿಕೊಳ್ಳಿ. ಐಎಸ್‌ಐ ಗುರುತಿನ ಹೆಲ್ಮೆಟ್ ಬಗ್ಗೆ ಬೇರೆ ಹೇಳುವುದಿಲ್ಲ.

ಭಾಗಮಂಡಲದಿಂದ ತಲಕಾವೇರಿಗೆ ಸುಮಾರು ಎಂಟು ಕಿ.ಮೀ. ಏರು. ಹತ್ತುವಾಗ ನಿಮ್ಮ 250 ಸಿಸಿ ಎಂಜಿನ್ ಯಾರಿಗೂ ಕಡಿಮೆಯಿಲ್ಲ, ಕಷ್ಟ ಇಳಿಯುವಾಗ. ಹೊಸ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಬೈಕನ್ನು ಹಿಡಿದು ನಿಧಾನಗೊಳಿಸುತ್ತದೆ. ನಿಮ್ಮ ಯೆಜ್ಡಿಯಂಥ ಟೂ ಸ್ಟ್ರೋಕ್‌ನಲ್ಲಿ ಆ ಹಿಡಿತ ತೀರಾ ಕಡಿಮೆ, ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ ಬಿಸಿಯೇರಿದಂತೆ ಹಿಡಿತ ಸಡಿಲವಾಗುತ್ತದೆ. ಎಂಜಿನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನ ಜೊತೆಗೇ ಬರುವುದರಿಂದ, ಆಕ್ಸಿಲರೇಟರ್ ಪೂರ್ತಿ ಬಿಟ್ಟು ಬಹಳ ದೂರ ಇಳಿದರೆ ಪಿಸ್ಟನ್ನಿಗೆ ಆಯಿಲ್ ಸಾಲದೆ ಜಾಮ್ ಆಗುವ ಭಯವೂ ಇದೆ. ಹಾಗಾಗಿ ಎರಡನೇ ಗೇರಿನಲ್ಲಿ ಇಳಿಯಿರಿ, ಆಗಾಗ ಆಕ್ಸಿಲರೇಟರ್ ತುಸು ಕೊಟ್ಟು ಬಿಡಿ, ಎರಡೂ ಬ್ರೇಕುಗಳನ್ನು ಒತ್ತಿ ಒತ್ತಿ ಬಿಡಿ. ಬ್ರೇಕ್ ಮೆತ್ತಗಾಯಿತೆಂದು ಅನಿಸಿದ ಕೂಡಲೇ ಕೈ ಎತ್ತಿ ಬದಿಗೆ ನಿಲ್ಲಿಸಿ. ನಿಲ್ಲಿಸಿದ್ದಕ್ಕೆ ನಗುವ ಕ್ಲಬ್ಬಾದರೆ ಅದು ನಿಮಗೆ ಬೇಡ.

ಯೆಜ್ಡಿಯಲ್ಲಿ ಒಂದು ಅನುಕೂಲವೂ ಇದೆ. ಗೇರ್ ಲಿವರ್ ತುಳಿದರೆ ಕ್ಲಚ್ ತಾನೇ ಬಿಡುವ ಏರ್ಪಾಡು ನಿಮ್ಮ ಬೈಕಿನಲ್ಲಿ ಇನ್ನೂ ಸರಿಯಾಗಿದ್ದರೆ, ಹಿಂದಿನವರಿಗೆ ಸನ್ನೆ ಮಾಡಲು ಎಡಗೈ ಬಿಡುವಾಗಿರುತ್ತದೆ. ಸನ್ನೆಗಳನ್ನು ಹೊರಡುವ ಮುಂಚೆ ಅವರೇ ತೋರಿಸಿಕೊಡುತ್ತಾರೆ. ಟೂ ಸ್ಟ್ರೋಕ್ ಆಯಿಲಿನ ಬಾಟಲಿ, ಒಂದು ಸ್ಪಾರ್ಕ್ ಪ್ಲಗ್, ಕ್ಲಚ್ ಕೇಬಲ್ ಚೀಲದಲ್ಲಿರಲಿ. ಹೊಸ ಬೈಕಿನವರ ಬಳಿ ಇವು ಸಿಗುವುದಿಲ್ಲ.

ಊರಿನವರ ಸಿಟ್ಟಿನ ಬಗ್ಗೆ ಕೇಳಿದ್ದೀರಿ. ಆ ಸಿಟ್ಟಿನಲ್ಲಿ ನಾನು ಊರಿನವರ ಕಡೆಗೇ. ಸೈಲೆನ್ಸರ್ ಬದಲಿಸಿ ಬೆಳ್ಳಂಬೆಳಿಗ್ಗೆ ಗುಡುಗುತ್ತ ಹೋಗುವವರಿಗೆ ಊರೆಂದರೆ ಫೋಟೊದ ಹಿನ್ನೆಲೆ ಅಷ್ಟೆ. ನಿಮಗೆ ಹಾಗಲ್ಲ. ಜನವರಿ ಎಂದರೆ ಕಾಫಿ ಕೊಯ್ಲು. ಎಂಟು ಗಂಟೆಯ ಹೊತ್ತಿಗೆ ಲೈನ್ ಮನೆಗಳಿಂದ ಹೊರಟ ಕೆಲಸದವರು ರಸ್ತೆಯಂಚಿನಲ್ಲಿ ಸಾಲಾಗಿ ನಡೆದಿರುತ್ತಾರೆ, ಚೀಲ ಹೇರಿದ ಪಿಕಪ್‌ಗಳು ತೋಟದ ಗೇಟಿನಿಂದ ಥಟ್ಟನೆ ರಸ್ತೆಗಿಳಿಯುತ್ತವೆ. ಇದೆಲ್ಲ ನಿಮಗೆ ದಿನನಿತ್ಯದ ನೋಟ. ಗುಂಪಿನ ಮುಂದಾಳಿಗೆ ಗೊತ್ತಿರಲಾರದು, ಹೊರಡುವಾಗ ನೀವೇ ಹೇಳಿ. ತಲಕಾವೇರಿಯ ಮೆಟ್ಟಿಲ ಬುಡದಲ್ಲಿ ಎಂಜಿನ್ ರೇಸ್ ಮಾಡುವವರು ಯಾರಾದರೂ ಇದ್ದರೆ ಅವರಿಗೂ ಹೇಳಿ.

ನನಗೆ ನಿಜವಾಗಿ ಹೆದರಿಕೆ ಇರುವುದು ನಿಮ್ಮ ಪತ್ರದ ಒಂದು ಸಾಲಿನ ಬಗ್ಗೆ. ಆರಕ್ಕೆ ಮಡಿಕೇರಿಯಲ್ಲಿರಬೇಕಾದರೆ ಸಿದ್ದಾಪುರವನ್ನು ನೀವು ಕತ್ತಲಲ್ಲೇ ಬಿಡಬೇಕು. ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ರಾತ್ರಿಯೆಲ್ಲ ತೋಟಗಳಲ್ಲಿದ್ದ ಆನೆಗಳು ರಸ್ತೆ ದಾಟುವ ಹೊತ್ತು ಅದು. ಮಂಜು ಬೇರೆ, ಯೆಜ್ಡಿಯ ಹಳೆಯ ಹೆಡ್‌ಲೈಟ್ ಬೇರೆ. ಇಡೀ ದಿನದಲ್ಲಿ ಅತಿ ಅಪಾಯದ ದಾರಿ ನೀವು ಒಬ್ಬರೇ ಬರುವ ಆ ಒಂದು ಗಂಟೆಯದ್ದೇ, ಗುಂಪಿನ ಜೊತೆ ಹೋಗುವುದಲ್ಲ. ಹೊರಡುವ ವೇಳೆಯನ್ನು ಎಂಟಕ್ಕೆ ತಳ್ಳಲು ಕೇಳಿ. ಒಪ್ಪದಿದ್ದರೆ ಶನಿವಾರ ಸಂಜೆ ಬೆಳಕಿರುವಾಗಲೇ ಮಡಿಕೇರಿಗೆ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ.

ಹಿಂದಿರುಗುವಾಗ ಗುಂಪಿನೊಂದಿಗೆ ಮಡಿಕೇರಿಗೆ ಬರಲೇಬೇಕೆಂದಿಲ್ಲ. ಮಧ್ಯಾಹ್ನದ ಊಟ ಮುಗಿಸಿ, ಸ್ವೀಪ್‌ಗೆ ತಿಳಿಸಿ, ಭಾಗಮಂಡಲದಿಂದ ನಾಪೋಕ್ಲು, ಮೂರ್ನಾಡು ಮಾರ್ಗವಾಗಿ ಹೊರಟರೆ ಸಂಜೆಯ ಬೆಳಕು ಇರುವಾಗಲೇ ಸಿದ್ದಾಪುರ ಸೇರಬಹುದು. ಹೇಳದೆ ಮಾತ್ರ ಹೊರಡಬೇಡಿ. ಕತ್ತಲಾದ ಮೇಲೂ ಅವರು ನಿಮ್ಮನ್ನು ಹುಡುಕುತ್ತಿರುತ್ತಾರೆ.