ಹೂಮಳೆ ಬೇಲಿಯವರೆಗೆ ಬಂತು

(ದಂಪತಿಯ ಅನುಮತಿ ಪಡೆದು ಬರೆದದ್ದು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಹತ್ತಿರ ಬಂದವರು ಗಂಡ ಹೆಂಡತಿ ಇಬ್ಬರೂ. ಸಮಯ ಕೇಳಿ ಫೋನ್ ಮಾಡಿದ್ದು ಮಾತ್ರ ಹೆಂಡತಿ. ಉತ್ತರ ಕೊಡಗಿನ, ಮನೆಯಲ್ಲಿ ಕೊಂಕಣಿ ಮಾತಾಡುವ ಕಥೋಲಿಕ ಕುಟುಂಬ. ಆತನಿಗೆ ನಲವತ್ತರ ಹತ್ತಿರ. ಗುಡ್ಡದ ಇಳಿಜಾರಿನಲ್ಲಿ ಅಪ್ಪ ಬಿಟ್ಟುಹೋದ ನಾಲ್ಕು ಎಕರೆ ರೋಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಆಕೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿಯ ನಡುವೆಯೇ ಆನ್‌ಲೈನ್ ಕ್ಲಾಸಿಗೆ ಕೂತು ಜರ್ಮನ್ ಭಾಷೆಯ ಬಿ2 ಪರೀಕ್ಷೆ ಪಾಸು ಮಾಡಿಕೊಂಡಿದ್ದಾಳೆ. ಜರ್ಮನಿಯ ಆಸ್ಪತ್ರೆಯೊಂದರಿಂದ ಕೆಲಸದ ಆಫರ್ ಬಂದಿದೆ. ಉತ್ತರ ಕೊಡುವ ಗಡುವು ಒಮ್ಮೆ ಮುಂದೆ ಹೋಗಿತ್ತು, ಇನ್ನೊಮ್ಮೆ ಹೋಗುವುದಿಲ್ಲ ಎಂದು ಏಜೆನ್ಸಿಯವರು ಖಡಾಖಂಡಿತ ಹೇಳಿದ್ದರು.

"ಇವರನ್ನ ಕೇಳಿದ್ರೆ ಒಂದೇ ಮಾತು, ದೇವರಿಗೆ ಬಿಟ್ಟಿದ್ದೇನೆ ಅಂತ. ದೇವರಿಗೆ ಬಿಟ್ಟವರು ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲಲ್ಲಿ ಮಳೆ ನೋಡ್ತಾರಾ ಮೇಡಂ?" ಎಂದಳು ಆಕೆ. ಆತ ತಲೆ ಎತ್ತಲಿಲ್ಲ.

ಆತನ ಕಡೆಯ ಕಥೆ ಹೀಗಿತ್ತು. ಡಿಸೆಂಬರ್ 31ರ ರಾತ್ರಿ ಪ್ರಾರ್ಥನಾ ಕೂಟದಲ್ಲಿ ಹೊಸ ವರ್ಷದ ವಾಗ್ದಾನದ ಕಾರ್ಡು ಎತ್ತಿದಾಗ ಬೈಬಲಿನ ಯೆರೆಮೀಯ 29:11 ಬಂತು: ನಿಮ್ಮ ವಿಷಯದಲ್ಲಿ ನನಗಿರುವ ಯೋಜನೆ ಹಿತಕ್ಕೇ ಹೊರತು ಅಹಿತಕ್ಕಲ್ಲ ಎನ್ನುವ ವಚನ. ಹಿತ ಸರಿ, ಯಾವ ಕಡೆ ಹಿತ? ಇದು ಗೊತ್ತಾಗಲಿ ಎಂದು ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟು ನೋಡತೊಡಗಿದ. ಒಂದು ದಿನ "ಹೊರಡು" ಎಂದು ಬರುತ್ತಿತ್ತು, ಮರುದಿನ "ಸುಮ್ಮನಿರು" ಎಂದು. ಕೊನೆಗೆ, ನೆಲದ ಮೇಲೆ ಉಣ್ಣೆ ಹಾಸಿ ಇಬ್ಬನಿಯ ಗುರುತು ಕೇಳಿದ ಬೈಬಲಿನ ಗಿದ್ಯೋನನ ಹಾಗೆ, ದೇವರಲ್ಲಿ ಒಂದು ಗುರುತು ಕೇಳಿದ. ಮಾರ್ಚ್ ಅರ್ಧ ಕಳೆಯುವುದರೊಳಗೆ ತೋಟಕ್ಕೆ ಹೂಮಳೆ (ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ) ಬಿದ್ದರೆ ಇಲ್ಲೇ ಇರುವುದು, ಬೀಳದಿದ್ದರೆ ಹೋಗುವುದು.

ಮಳೆ ಬಂತು. ಪಕ್ಕದ ತೋಟದ ಮೇಲೆ ಬಂತು. ಕೊಡಗಿನ ಬೇಸಿಗೆ ಮಳೆಯನ್ನು ಕಂಡವರಿಗೆ ಇದು ಹೊಸತಲ್ಲ, ರಸ್ತೆಯ ಈಚೆ ಕೊಡೆ ಹಿಡಿದವರು ಆಚೆ ಧೂಳು ಮೆಟ್ಟುತ್ತಾರೆ.

"ಅವರಿಗೆ ಎಷ್ಟು ಸೆಂಟ್ ಬಿತ್ತು?" ಎಂದು ಕೇಳಿದೆ. (ನಮ್ಮಲ್ಲಿ ಮಳೆ ಅಳೆಯುವುದು ಹೀಗೆ, ನೂರು ಸೆಂಟ್ ಅಂದರೆ ಒಂದು ಇಂಚು.)

"ತೊಂಬತ್ತು."

"ನಿಮಗೆ?"

"ಬೇಲಿ ಹತ್ತಿರ ನಾಲ್ಕು ಸಾಲು ನೆನೀತು. ಉಳಿದದ್ದಕ್ಕೆ ಎಲೆ ಒದ್ದೆಯಾಗೋಷ್ಟು."

ಅರೆಬರೆ ಮಳೆ ಬಿದ್ದರೆ ಮೊಗ್ಗು ಸರಿಯಾಗಿ ಅರಳದೆ ಹಾಳಾಗುತ್ತದೆ, ಅದು ಬೆಳೆಗಾರರಿಗೆಲ್ಲ ಗೊತ್ತು. ಆಮೇಲೆ ಏನು ಮಾಡಿದಿರಿ ಎಂದೆ.

"ಮಾರನೇ ದಿನವೇ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾಕಿದೆ."

"ಹಾಕಲೋ ಬೇಡವೋ ಅಂತ ದೇವರನ್ನ ಕೇಳಿದಿರಾ?"

"ಅದಕ್ಕೆಲ್ಲ ಕೇಳ್ತಾರಾ?"

ಹೆಂಡತಿ ನಕ್ಕುಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಆತನೂ. ನಮ್ಮ ಮಾತುಕತೆ ನಿಜವಾಗಿ ಶುರುವಾದದ್ದು ಅಲ್ಲಿಂದ. ಹೂಮಳೆಗೆ ಪ್ರಾರ್ಥಿಸುತ್ತಲೇ ಕೆರೆಯ ಹೂಳೆತ್ತಿಸಿ ಪಂಪಿಗೆ ಡೀಸೆಲ್ ತುಂಬಿಸಿಡುವ ಮನುಷ್ಯ ಇವನು. ಅದನ್ನು ಅವಿಶ್ವಾಸ ಎಂದು ಒಮ್ಮೆಯೂ ಅಂದುಕೊಂಡವನಲ್ಲ. ಹೆಂಡತಿಯ ಆಫರಿನ ವಿಷಯ ಬಂದಾಗ ಮಾತ್ರ ಕೈಕಟ್ಟಿ ಕೂರುವುದೇ ವಿಶ್ವಾಸ ಎನಿಸಿದ್ದೇಕೆ?

ಕೇಳುತ್ತಾ ಹೋದಂತೆ ಉತ್ತರ 2018ರ ಆಗಸ್ಟ್‌ಗೆ ಹೋಗಿ ನಿಂತಿತು. ಭೂಕುಸಿತವಾದ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲದ ಹೆಸರು ಟಿ.ವಿ.ಯಲ್ಲಿ ಓಡುತ್ತಿದ್ದ ಆ ವಾರ ಇವರ ತೋಟದ ಮೇಲಿನ ಬರೆಯೂ (ಗುಡ್ಡದ ಕಡಿದಾದ ಮಣ್ಣಿನ ಬದಿ) ಜರಿದಿತ್ತು. ಮನೆ ಉಳಿಯಿತು, ಅರ್ಧ ಎಕರೆ ಕಾಫಿ ಹೊಳೆಗೆ ಹೋಯಿತು. ಆಚೆ ಮನೆಯವರು ಈಗ ಜಂಬೂರಿನ ಪುನರ್ವಸತಿ ಬಡಾವಣೆಯಲ್ಲಿದ್ದಾರೆ. ಜರಿದ ಜಾಗದಲ್ಲಿ ಈತ ಗಿಡ ನೆಡಲಿಲ್ಲ, ಬೇಲಿ ಹಾಕಿ ಬಿಟ್ಟ. ಅಲ್ಲಿಂದೀಚೆಗೆ ಜೂನ್ ಬಂತೆಂದರೆ ನಿದ್ದೆ ಇಲ್ಲ. ಹಂಚಿನ ಮೇಲೆ ಸದ್ದು ಜೋರಾದರೆ ಎದ್ದು ಕೂರುತ್ತಾನೆ, ಟಾರ್ಚ್ ಹಿಡಿದು ಹೋಗಿ ಬರೆ ನೋಡಿ ಬರುತ್ತಾನೆ. ಇದನ್ನು ಆತ ಯಾರಿಗೂ ಹೇಳಿರಲಿಲ್ಲ, ಪಾಪನಿವೇದನೆಯಲ್ಲೂ. "ಪಾಪ ಅಲ್ಲವಲ್ಲ" ಎಂದ.

ಪಾಪ ಅಲ್ಲ, ನಿಜ. ಆದರೆ ಆ ವರ್ಷದ ಹೆದರಿಕೆಯೇ ಈಗ ಭಕ್ತಿಯ ಮಾತಾಡುತ್ತಿದೆ ಎಂದು ನನಗನ್ನಿಸಿತು, ಹಾಗೆಯೇ ಹೇಳಿದೆ. ಒಂದು ರಾತ್ರಿಯಲ್ಲಿ ಎಲ್ಲ ಜಾರಿಹೋಗಬಹುದು ಎಂದು ಕಣ್ಣಾರೆ ಕಂಡವನಿಗೆ ಇದ್ದರೂ ಭಯ, ಹೋದರೂ ಭಯ. ನಿರ್ಧಾರ ತನ್ನದಾಗದಿದ್ದರೆ ನಾಳೆ ಏನಾದರೂ ತಪ್ಪು ತನ್ನದಲ್ಲ, ಅಷ್ಟು ಸಾಕಾಗಿತ್ತು ಆತನಿಗೆ.

ನಾನು ಚರ್ಚಿನ ಗುರುವಲ್ಲ, ಆಪ್ತಸಲಹೆಗಾರ್ತಿ. ಆದರೂ ಅದೇ ಬಲಿಪೂಜೆಗೆ ಹೋಗುವವಳಾದ್ದರಿಂದ ಕಾರ್ಡಿನ ವಚನವನ್ನು ಇಡೀ ಅಧ್ಯಾಯದ ಜೊತೆ ಓದೋಣ ಎಂದೆ. (ಕಾರ್ಡುಗಳ ಬಗ್ಗೆ ನನಗೆ ತಕರಾರಿಲ್ಲ, ನಮ್ಮ ಫ್ರಿಜ್ಜಿನ ಮೇಲೂ ಒಂದಿದೆ.) ಅದು ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಪತ್ರ. ಹಿಂದಿನ ಅಧ್ಯಾಯದಲ್ಲೇ ಹನನ್ಯ ಎಂಬವನು ಎರಡು ವರ್ಷದೊಳಗೆ ಎಲ್ಲ ಸರಿಹೋಗುತ್ತದೆ ಎಂದು ದೇವರ ಹೆಸರಲ್ಲೇ ಸಾರಿದ್ದ. ಯೆರೆಮೀಯ ಹೇಳಿದ್ದು ಎಪ್ಪತ್ತು ವರ್ಷ. 11ನೇ ವಚನಕ್ಕೆ ಬರುವ ಮೊದಲೇ, 5ನೇ ವಚನದಲ್ಲಿ, ಮನೆ ಕಟ್ಟಿಕೊಂಡು ವಾಸಮಾಡಿ, ತೋಟ ಮಾಡಿ ಅದರ ಫಲ ತಿನ್ನಿ ಎಂದಿದೆ, ಅದೂ ಪರದೇಶದಲ್ಲಿ! ಆತ ಅದನ್ನು ಎರಡು ಸಲ ಓದಿದ. ಹೋಗಿ ಎಂದಾಗಲೀ ಇರಿ ಎಂದಾಗಲೀ ಆ ವಚನ ಇವನಿಗೆ ಹೇಳುತ್ತಿಲ್ಲ. ಎಲ್ಲಿದ್ದೀರೋ ಅಲ್ಲಿ ಕೆಲಸ ಮಾಡಿ, ಕೊನೆ ನನ್ನ ಕೈಲಿದೆ ಎನ್ನುತ್ತದೆ ಅಷ್ಟೆ. ಗಿದ್ಯೋನನಿಗಾದರೂ ಮಾಡಬೇಕಾದದ್ದು ಮೊದಲೇ ಗೊತ್ತಿತ್ತು. ಉಣ್ಣೆ ಹಾಸಿದ್ದು ಧೈರ್ಯ ಸಾಲದೆ.

ಯೋಜನೆ ಹಾಕುವುದೇ ದೇವರ ಮೇಲೆ ನಂಬಿಕೆಯಿಲ್ಲದ ಲಕ್ಷಣವಲ್ಲವೇ ಎಂದು ಆತ ಕೇಳಿದ. ಯಕೋಬನ ಪತ್ರದ 4ನೇ ಅಧ್ಯಾಯ ಬೈಯುವುದು ನಾಳೆಯ ಬಗ್ಗೆ ಜಂಬ ಕೊಚ್ಚುವವರನ್ನು. ಪ್ರಭುವಿನ ಚಿತ್ತವಾದರೆ ಇದನ್ನೋ ಅದನ್ನೋ ಮಾಡುತ್ತೇವೆ ಎನ್ನಿ ಎಂದು ಅಲ್ಲೇ ಇದೆ. ಮಾಡುತ್ತೇವೆ ಅಂತಲೂ ಇದೆಯಲ್ಲ? ಸಂತ ಪೌಲನೂ ಯೋಜನೆ ಹಾಕಿದವನೇ. ಸ್ಪೇನಿಗೆ ಹೋಗುವ ದಾರಿಯಲ್ಲಿ ರೋಮಿಗೆ ಬರುತ್ತೇನೆ ಎಂದು ಬರೆದ, ರೋಮಿಗೆ ಬಂದದ್ದು ಕೈದಿಯಾಗಿ.

ಇಷ್ಟು ಹೊತ್ತಿಗೆ ಹೆಂಡತಿಗೆ ತಾನು ಗೆದ್ದೆ ಅನ್ನಿಸಿರಬೇಕು. "ಅದನ್ನೇ ಹೇಳೋದು ಮೇಡಂ, ದೇವರು ಬಾಗಿಲು ತೆರೆದಿದ್ದಾನೆ" ಎಂದಳು. ಅದೂ ಅಷ್ಟು ಸರಿಯಲ್ಲ. ತ್ರೋವ ಎಂಬ ಊರಿನಲ್ಲಿ ಪೌಲನಿಗೆ ಬಾಗಿಲು ತೆರೆದೇ ಇತ್ತು. ಜೊತೆಗಾರ ತೀತ ಸಿಗಲಿಲ್ಲವೆಂದು ಮನಸ್ಸಿಗೆ ನೆಮ್ಮದಿಯಿಲ್ಲದೆ ಬಿಟ್ಟು ಹೊರಟ. ಆಫರ್ ಲೆಟರಿನ ಕೆಳಗಿರುವುದು ಆಸ್ಪತ್ರೆಯವರ ಸಹಿ. ಹೋಗಬೇಕು ಅನ್ನಿಸಿದರೆ "ನನಗೆ ಹೋಗಬೇಕು" ಅನ್ನಿ, ದೇವರನ್ನು ನಿಮ್ಮ ಕಡೆಯ ವಕೀಲನನ್ನಾಗಿ ಮಾಡಬೇಡಿ ಎಂದೆ. ಆಕೆಗೆ ಸಿಟ್ಟು ಬಂತು. ಮುಂದಿನ ಬಾರಿ ಬಂದಾಗ, ಹತ್ತು ವರ್ಷದಿಂದ ಅದೇ ಸಂಬಳದಲ್ಲಿ ಸಾಕಾಗಿದೆ, ನನಗೆ ಹೋಗಬೇಕು ಎಂದು ಗಂಡನ ಮುಖ ನೋಡಿ ಹೇಳಿದಳು.

ಆತನಿಗೆ ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಹೇಳಿಕೊಟ್ಟ ಒಂದು ಉಪಾಯ ಕೊಟ್ಟೆ. ನೀವು ಹಿಂದೆಂದೂ ಕಾಣದ ಒಬ್ಬ, ಶನಿವಾರಸಂತೆಯವನು ಅಂದುಕೊಳ್ಳಿ, ನಿಮ್ಮದೇ ಪರಿಸ್ಥಿತಿ ಹೇಳಿಕೊಂಡು ಬಂದಿದ್ದಾನೆ. ಅವನಿಗೆ ಏನು ಹೇಳುತ್ತೀರಿ? ಆತ ಯೋಚಿಸಲೂ ಇಲ್ಲ. "ಹೆಂಡತಿ ಹೋಗಲಿ. ಇವನು ಒಂದು ವರ್ಷ ಇಲ್ಲಿದ್ದು ತೋಟಕ್ಕೂ ತಾಯಿಗೂ ಒಂದು ವ್ಯವಸ್ಥೆ ಮಾಡಲಿ, ಆಮೇಲೆ ನೋಡೋದು." ಹೇಳಿ ಸುಮ್ಮನಾದ. ಗುರುತು ಕೇಳುತ್ತಿದ್ದ ಮನುಷ್ಯನಿಗೆ ಉತ್ತರ ಗೊತ್ತಿಲ್ಲದೆ ಇರಲಿಲ್ಲ.

ಆತನ ತಾಯಿಯ ಮಾತು ಬೇರೆಯೇ. ಅವರನ್ನೂ ಒಮ್ಮೆ ಕರೆಸಿದ್ದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ನಮ್ಮ ಹಿರಿಯರಿಗೆ ದೊಡ್ಡ ವೀರರಾಜೇಂದ್ರ ರಾಜ ಜಾಗ ಕೊಟ್ಟ, 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ ಆಯಿತು. ದೇವರು ಕೊಟ್ಟ ನೆಲ ಬಿಟ್ಟು ಹೋಗುವುದುಂಟೇ ಎಂದರು. ಆ ಹಿರಿಯರೂ ಇದ್ದ ಊರು ಬಿಟ್ಟೇ ಬಂದವರಲ್ಲವಾ ಅಮ್ಮ ಎಂದೆ. "ಅದು ಹೌದು" ಎಂದರು, ಒಪ್ಪಲಿಲ್ಲ. ಅವರು ಒಪ್ಪಬೇಕೆಂದು ನಾನು ಕಾದೂ ಇರಲಿಲ್ಲ. ಗಂಡನ ಸಮಾಧಿ ಇರುವ ಊರು, ಎಪ್ಪತ್ತು ದಾಟಿದ ಜೀವ. ಸೊಸೆ ಹೋಗುವುದಕ್ಕೆ ಅವರ ಅಡ್ಡಿಯಿರಲಿಲ್ಲ, ತಾನು ಕದಲುವುದಿಲ್ಲ ಅಷ್ಟೆ.

ಕೊಟ್ಟ ಸಲಹೆ ಇಷ್ಟು. ಗುರುತು ಕೇಳುವುದು, ಬೆರಳಿಟ್ಟು ನೋಡುವುದು ಪೂರ್ತಿ ಬಂದ್. ದಿನದ ಪ್ರಾರ್ಥನೆ ಹೇಗಿದೆಯೋ ಹಾಗೇ ಇರಲಿ, "ನಿಮ್ಮ ಚಿತ್ತ ನೆರವೇರಲಿ" ಎಂಬಲ್ಲಿ ಒಂದು ಕ್ಷಣ ನಿಲ್ಲಿ. ರಾತ್ರಿ ಹೊತ್ತು ಯಾವ ತೀರ್ಮಾನವೂ ಬೇಡ. ಮನಸ್ಸು ಕುಗ್ಗಿದ್ದಾಗ ಹಿಂದೆ ಗಟ್ಟಿ ಮಾಡಿದ್ದನ್ನು ಬದಲಿಸಬೇಡಿ ಎಂಬುದೂ ಇಗ್ನೇಷಿಯಸರ ಮಾತೇ. ಭಾನುವಾರ ಪೂಜೆ ಮುಗಿದ ಮೇಲೆ ಇಬ್ಬರೂ ಒಂದು ಗಂಟೆ ಕೂತು, ಯಾರಿಗೆ ಯಾವುದರ ಹೆದರಿಕೆ ಎಂದು ಹೇಳಿಕೊಳ್ಳಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ವಚನ ಹೇಳುವಂತಿಲ್ಲ. ಕುಟುಂಬದ ವೀಸಾ, ಮಗಳ ಶಾಲೆ, ತೋಟ ಗುತ್ತಿಗೆಗೆ ಕೊಟ್ಟರೆ ಏನು ಬರುತ್ತದೆ, ಇದನ್ನೆಲ್ಲ ವಿಚಾರಿಸಿ ಕಾಗದದ ಮೇಲೆ ತರಬೇಕು. ಮಳೆ ನೋಡುವುದು ದಿನಕ್ಕೆ ಎರಡೇ ಸಲ, ಅದೂ ಹವಾಮಾನ ಇಲಾಖೆಯದ್ದು.

ಬರೆಯ ವಿಷಯದಲ್ಲಿ ಮಾತ್ರ ಆತನ ಭಯವನ್ನು ನಾನು ಕಾಯಿಲೆ ಎನ್ನಲಾರೆ. ಮೇಲೆ ಬರೆ ಇದೆ, ಒಮ್ಮೆ ಜರಿದೂ ಇದೆ. ಹೊಸ ಬಿರುಕು ಬಿಟ್ಟಿದೆಯೇ ಎಂದು ತಿಳಿದವರಿಂದ ಪರೀಕ್ಷೆ ಮಾಡಿಸಿ. ರೆಡ್ ಅಲರ್ಟ್ ಬಂದ ದಿನ ತಾಯಿಯನ್ನೂ ದಾಖಲೆಗಳನ್ನೂ ಕರೆದುಕೊಂಡು ಕುಶಾಲನಗರದ ಅಕ್ಕನ ಮನೆಗೆ ಹೊರಟುಬಿಡಿ, ಆಗ ಪ್ರಾರ್ಥನೆಗೆ ಕೂರುವುದು ಬೇಡ, ಕಾರಿನಲ್ಲಿ ಮಾಡಬಹುದು ಎಂದೆ. ನಿದ್ದೆಗೆ ಮಡಿಕೇರಿಯ ಮನೋವೈದ್ಯರ ಹತ್ತಿರ ಕಳಿಸಿದೆ. ಮಧ್ಯರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಲು ಹೇಳಿದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಗಡುವಿನೊಳಗೆ ಆಕೆ ಸಹಿ ಹಾಕಿದಳು. ಆತ ಸದ್ಯ ಇಲ್ಲೇ ಇರುತ್ತಾನೆ, ವರ್ಷ ಕಳೆದ ಮೇಲೆ ಮತ್ತೆ ಕೂತು ನೋಡುವುದೆಂದು ಬರೆದಿಟ್ಟುಕೊಂಡಿದ್ದಾರೆ. ಮಗಳು ಯಾರ ಜೊತೆ ಎನ್ನುವುದು ಇನ್ನೂ ಬಗೆಹರಿದಿಲ್ಲ, ಅದಕ್ಕೆ ಇನ್ನೊಮ್ಮೆ ಬರುತ್ತಾರೆ. ಔಷಧಿ ನಡೆದಿದೆ, ಬೇಸಿಗೆಯಲ್ಲಿ ನಿದ್ದೆ ಬರುತ್ತಿದೆ. ಜುಲೈನಲ್ಲಿ ಆತ ಒಬ್ಬನೇ ಬರಲಿ ಎಂದಿದ್ದೇನೆ. ಮಳೆ ಹಿಡಿಯದೆ ಅದರ ಲೆಕ್ಕ ಹೇಳಲು ಬರುವುದಿಲ್ಲ.