ಪವರ್ ಪಾಪ್ ಅಂದರೆ ಏನು, ಸ್ಟುಡಿಯೋ ಇಲ್ಲದೆ ಅಂಥ ಆಲ್ಬಂ ಮಾಡೋಕೆ ಆಗುತ್ತಾ?

ನೀವು ಮೂರು ವಿಷಯ ಕೇಳಿದ್ದೀರಿ. ಪವರ್ ಪಾಪ್ ಅಂದರೆ ಏನು, ಅದು ಯಾರಿಂದ ಬಂತು, ಸ್ಟುಡಿಯೋಗೆ ಸುರಿಯಲು ದುಡ್ಡಿಲ್ಲದವರು ಮನೆಯಲ್ಲೇ ಅಂಥ ಆಲ್ಬಂ ಮಾಡಬಹುದಾ. ಮೊದಲ ಎರಡನ್ನು ಬೇಗ ಮುಗಿಸುತ್ತೇನೆ. ನನ್ನ ಹುಚ್ಚು ಇರುವುದು ಮೂರನೆಯದರಲ್ಲಿ.

ಪವರ್ ಪಾಪ್ ಅಂದರೆ ರಾಕ್ ಸಂಗೀತದ ಒಂದು ಬಗೆ. ಈ ಹೆಸರು ಬಂದದ್ದು ಇಂಗ್ಲೆಂಡಿನ 'ದಿ ಹೂ' ಬ್ಯಾಂಡಿನ ಪೀಟ್ ಟೌನ್‌ಶೆಂಡ್ ಬಾಯಿಂದ. 1967ರ ಒಂದು ಸಂದರ್ಶನದಲ್ಲಿ ತಮ್ಮ ಹಾಡುಗಳನ್ನು ಹಾಗೆ ಕರೆದರು. ಒಮ್ಮೆ ಕೇಳಿದರೆ ಗುನುಗುವಂಥ ಟ್ಯೂನ್, ಜೊತೆಗೂಡಿ ಹಾಡುವ ಎರಡು ಮೂರು ದನಿ, ಕೆಳಗೆ ಒರಟು ಗಿಟಾರ್, ಮೂರು ನಿಮಿಷದಲ್ಲಿ ಹಾಡು ಖತಂ. ಹೆಸರಲ್ಲಿ ಪವರ್ ಇದೆ ಅಂತ ಸುಮ್ನೆ ಜೋರಾಗಿ ಬಾರಿಸುವವರು ಜಾಸ್ತಿ. ಟ್ಯೂನ್ ಸಪ್ಪೆಯಾಗಿದ್ದರೆ ಅದು ಬರೀ ಗಲಾಟೆ.

ಬೇರು ಹುಡುಕಿದರೆ ಬೀಟಲ್ಸ್ ಹತ್ತಿರವೇ ಹೋಗಬೇಕು. 1964ರ ಅವರ ಸಿನಿಮಾದಲ್ಲಿ ಜಾರ್ಜ್ ಹ್ಯಾರಿಸನ್ ಕೈಲಿದ್ದ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಗಿಟಾರ್ ಕಂಡು, ಅಮೆರಿಕದ ದಿ ಬರ್ಡ್ಸ್ ಬ್ಯಾಂಡಿನ ರೋಜರ್ ಮೆಗ್ವಿನ್ ತಾವೂ ಅದನ್ನೇ ಕೊಂಡರು. ಆ ಕಿಣಿಕಿಣಿ ಸದ್ದು ಮುಂದೆ ಬ್ಯಾಡ್‌ಫಿಂಗರ್, ರಾಸ್‌ಬೆರೀಸ್, ಬಿಗ್ ಸ್ಟಾರ್ ಬ್ಯಾಂಡುಗಳ ಕೈಗೆ ಬಂದಾಗ ಇನ್ನಷ್ಟು ಗಟ್ಟಿಯಾಗಿತ್ತು. ಬಿಗ್ ಸ್ಟಾರ್ ಮೆಂಫಿಸ್‌ನವರು. 1972ರ ಅವರ ಮೊದಲ ಆಲ್ಬಂನ ಹೆಸರು 'ನಂಬರ್ ಒನ್ ರೆಕಾರ್ಡ್'. ವಿತರಣೆಯ ಗೊಂದಲದಲ್ಲಿ ಅದು ಬಹಳಷ್ಟು ಅಂಗಡಿಗಳಿಗೆ ತಲುಪಲೇ ಇಲ್ಲ. ಹೆಸರಿಟ್ಟವರ ಹೊಟ್ಟೆ ಎಷ್ಟು ಉರಿದಿರಬೇಡ!

ಈಗ ನಿಮ್ಮ ಮೂರನೇ ಪ್ರಶ್ನೆ. ಶೂಸ್ ಅಂತ ಒಂದು ಬ್ಯಾಂಡ್. ಹೌದು, ಕಾಲಿಗೆ ಹಾಕುವ ಶೂಸೇ. ಊರು ಇಲಿನಾಯ್ ರಾಜ್ಯದ ಝಯಾನ್, ಷಿಕಾಗೋ ಮತ್ತು ಮಿಲ್ವಾಕಿ ನಡುವಿನ ಸಣ್ಣ ಊರು. ಜಾನ್ ಮತ್ತು ಜೆಫ್ ಮರ್ಫಿ ಅಣ್ಣತಮ್ಮಂದಿರು, ಗ್ಯಾರಿ ಕ್ಲೇಬಿ ಗೆಳೆಯ, ಡ್ರಮ್ಸ್‌ಗೆ ಸ್ಕಿಪ್ ಮೇಯರ್. ಜೆಫ್ ಮನೆಯ ಹಾಲ್‌ನಲ್ಲಿ ಟೀಯಾಕ್ ಕಂಪನಿಯ ಒಂದು ನಾಲ್ಕು ಟ್ರ್ಯಾಕಿನ (ಅಂದರೆ ನಾಲ್ಕು ಸದ್ದನ್ನು ಬೇರೆ ಬೇರೆಯಾಗಿ ಹಿಡಿದಿಡುವ) ಟೇಪ್ ಮಷೀನು ಇಟ್ಟುಕೊಂಡು ಹದಿನೈದು ಹಾಡು ರೆಕಾರ್ಡ್ ಮಾಡಿದರು. 1977ರಲ್ಲಿ ತಾವೇ 1000 ಪ್ರತಿ ಒತ್ತಿಸಿದರು. ಅದೇ 'ಬ್ಲ್ಯಾಕ್ ವಿನೈಲ್ ಶೂಸ್'. ಗಿಟಾರ್ ಸದ್ದು ಜೇನುಹುಳುಗಳು ಗುಂಯ್ ಅಂದ ಹಾಗೆ, ಅದರ ಮೇಲೆ ಪಕ್ಕದ ರೂಮಲ್ಲಿ ಯಾರೋ ಮಲಗಿದ್ದಾರೆ ಅನ್ನುವಷ್ಟು ಮೆಲ್ಲಗಿನ ಹಾಡು. ನಾನು ಮೊದಲು ಕೇಳಿದಾಗ ನನ್ನ ಸ್ಪೀಕರ್ ಕೆಟ್ಟಿದೆ ಅಂದುಕೊಂಡಿದ್ದೆ.

ನಾಲ್ಕೇ ಟ್ರ್ಯಾಕಲ್ಲಿ ಅಷ್ಟೆಲ್ಲ ದನಿ ಹೇಗೆ ಹಿಡಿಸುತ್ತೆ? ಮೂರು ಟ್ರ್ಯಾಕಿನಲ್ಲಿ ಡ್ರಮ್ಸ್, ಬೇಸ್, ಗಿಟಾರ್ ತುಂಬಬೇಕು. ಮೂರನ್ನೂ ಬೆರೆಸಿ ನಾಲ್ಕನೆಯದಕ್ಕೆ ಇಳಿಸಬೇಕು. ಆಗ ಮೊದಲ ಮೂರು ಖಾಲಿ, ಅಲ್ಲಿಗೆ ಹೊಸದನ್ನು ಹಾಕಬಹುದು. ಇದಕ್ಕೆ ಬೌನ್ಸ್ ಅನ್ನುತ್ತಾರೆ. ಪ್ರತಿ ಸಲ ಇಳಿಸಿದಾಗಲೂ ಟೇಪಿನ ಸುಯ್ ಅನ್ನುವ ಸದ್ದು ಸ್ವಲ್ಪ ಏರುತ್ತದೆ. ಒಮ್ಮೆ ಬೆರೆಸಿದ್ದನ್ನು ಮತ್ತೆ ಬಿಡಿಸೋಕೆ ಆಗಲ್ಲ, ಉಪ್ಪು ಹಾಕಿದ ಸಾರಿನ ಹಾಗೆ.

ಇದನ್ನು ನಾನು ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿದೆ. ಬೇಕಾದಷ್ಟು ಟ್ರ್ಯಾಕ್ ಇದ್ದರೂ ನಾಲ್ಕೇ ಅಂತ ನನಗೆ ನಾನೇ ಕಟ್ಟು ಹಾಕಿಕೊಂಡೆ, ಬೆರೆಸಿದ ಮೇಲೆ ಹಳೆಯ ಫೈಲ್ ಅಳಿಸಬೇಕು ಅಂತಲೂ. ಟ್ಯಾಂಬೊರಿನ್ ಇರಲಿಲ್ಲ, ದೇವರ ಮನೆಯ ಭಜನೆ ತಾಳ ತಂದು ಬಾರಿಸಿದೆ. ಹೆಡ್‌ಫೋನಲ್ಲಿ ಹದವಾಗಿ ಕೇಳಿಸಿತು. ಬೆರೆಸಿ, ಅಳಿಸಿ, ಮಾರನೇ ದಿನ ಸ್ಪೀಕರಲ್ಲಿ ಹಾಕಿದರೆ ಹಾಡಿನ ಉದ್ದಕ್ಕೂ ಮಂಗಳಾರತಿ! ಗಿಟಾರ್ ಎಲ್ಲಿದೆ ಅಂತ ಹುಡುಕಬೇಕಿತ್ತು. ಎರಡು ವಾರದ ಕೆಲಸ ಮತ್ತೆ ಮೊದಲಿಂದ. ಆದರೆ ಆಮೇಲೆ ನಾನು ಏನನ್ನೂ 'ಆಮೇಲೆ ಸರಿ ಮಾಡೋಣ' ಅಂತ ಬಿಟ್ಟಿಲ್ಲ.

ಅದಕ್ಕೇ ನನ್ನ ಉತ್ತರ ಹೌದು, ಮಾಡಬಹುದು. ಬೆಲೆಬಾಳುವ ಮೈಕ್ ಹುಡುಕುತ್ತ ಕೂರಬೇಡಿ. ಬರೀ ಗಿಟಾರ್ ಇಟ್ಟುಕೊಂಡು ಹಾಡಿದರೂ ನಿಲ್ಲುವ ಹತ್ತು ಹಾಡು ಇದೆಯಾ ನೋಡಿ. ಎಮಿಟ್ ರೋಡ್ಸ್ ಅನ್ನುವವರು 1970ರ ತಮ್ಮ ಆಲ್ಬಂ ಅನ್ನು ಅಪ್ಪ-ಅಮ್ಮನ ಮನೆಯಲ್ಲೇ, ಎಲ್ಲ ವಾದ್ಯ ಒಬ್ಬರೇ ನುಡಿಸಿ ಮಾಡಿದ್ದರು. ಶೂಸ್‌ನವರನ್ನು 1979ರ ಹೊತ್ತಿಗೆ ಎಲೆಕ್ಟ್ರಾದಂಥ ದೊಡ್ಡ ರೆಕಾರ್ಡ್ ಕಂಪನಿ ಕರೆಯಿತು. ಮೂರು ಆಲ್ಬಂ ಆದ ಮೇಲೆ ಅವರು ವಾಪಸ್ ಝಯಾನ್‌ಗೆ, ತಮ್ಮದೇ ಸ್ಟುಡಿಯೋ, ತಮ್ಮದೇ ಲೇಬಲ್‌ಗೆ ಬಂದರು.

ಡ್ರಮ್ಸ್ ಏನು ಮಾಡುತ್ತೀರಿ ಅಂತ ನೀವು ಬರೆದಿಲ್ಲ. ಅಪಾರ್ಟ್‌ಮೆಂಟಾ, ಸ್ವಂತ ಮನೆಯಾ ಹೇಳಿ. ಕೆಳಗಿನ ಮನೆಯವರು ಬಾಗಿಲು ಬಡಿಯದ ಹಾಗೆ ಡ್ರಮ್ಸ್ ಹಿಡಿಯುವ ಒಂದೆರಡು ಉಪಾಯ ಗೊತ್ತಿದೆ, ಅದನ್ನೂ ಬರೆಯುತ್ತೇನೆ.