ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ: ‘ದುರ್ಗದಬೈಲ್ ಕಡೆಯ ಹಳೆಯ ರೆಕಾರ್ಡ್ ಅಂಗಡಿ ಮುಚ್ಚಿತು. ಅದಕ್ಕೇಕೆ ಇಷ್ಟು ಮರುಕ? ಹಾಡೆಲ್ಲ ಮೊಬೈಲಿನಲ್ಲೇ ಇವೆ. ನಮ್ಮ ಅಪ್ಪಾರು ಬಿಟ್ಟುಹೋದ ಒಂದು ಪೆಟ್ಟಿಗೆ ಗ್ರಾಮೋಫೋನ್ ಪ್ಲೇಟುಗಳಿವೆ. ಗುಜರಿಗೆ ಹಾಕಲೇ?’

ಹಾಕಬೇಡಿ. ಮೊಬೈಲಿನಿಂದ ಅನುಕೂಲವಾಗಿದೆ, ಒಪ್ಪಿದೆ. ಆದರೆ ಅಂಗಡಿಯವರು ಹಾಡಿನ ಜೊತೆಗೆ ತಿಳಿವಳಿಕೆಯನ್ನೂ ಕೊಡುತ್ತಿದ್ದರು. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು, ಗೀರು ಮೇಲಿನದೋ, ಹಾಡು ನುಡಿಸುವ ಮುಳ್ಳು ಹಾರುವಷ್ಟು ಆಳವೋ ಎಂದು ಹೇಳುವ ಕಣ್ಣು ಅವರದು. ಲೇಬಲ್ಲಿನ ಮೇಲೆ ಹಾಡಿದವರ ಹೆಸರು ‘ಗಾಂಧಾರಿ’ ಎಂದಿದ್ದರೆ ಅದು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ 1930ರ ದಶಕದ ತೆಳುವಾದ ದನಿ. ಗಂಟಲಿನ ಚಿಕಿತ್ಸೆಯ ನಂತರದ ಗಡಸು ದನಿಯನ್ನಷ್ಟೇ ಕೇಳಿದವರು ನಂಬಲಾರರು. ಇದನ್ನು ಮೊಬೈಲು ಹೇಳೀತೇ?

ಈಗ ನಿಮ್ಮ ಪೆಟ್ಟಿಗೆ. ಭಾರವಾಗಿ, ಬಾಗದೆ, ಬಿದ್ದರೆ ಬಳೆಯಂತೆ ಒಡೆಯುವವು ಅರಗಿನ ಪ್ಲೇಟುಗಳು: ನಿಮಿಷಕ್ಕೆ 78 ಸುತ್ತಿನವು, 10 ಇಂಚಿನದಾದರೆ ಮಗ್ಗಲಿಗೆ ಸುಮಾರು 3 ನಿಮಿಷ. ತುಸು ಬಾಗುವ 12 ಇಂಚಿನವು ವಿನೈಲ್ ಎಲ್‌ಪಿ (ಲಾಂಗ್ ಪ್ಲೇ), ಮಗ್ಗಲಿಗೆ 20 ನಿಮಿಷದ ಆಸುಪಾಸು. ಅರಗಿನದಕ್ಕೆ ಸ್ಪಿರಿಟ್ ಮುಟ್ಟಿಸಲೇಬೇಡಿ. ಅರಗು ಕರಗಿ ಹಾಡು ಕೊರೆದ ಗೆರೆಯೇ ಹಾಳಾಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆಯ ಬಟ್ಟೆಯಿಂದ ಗೆರೆಯ ಗುಂಟ ಒರೆಸಿ, ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ಕೂಡಲೇ ಒಣಗಿಸಿ. ಲೇಬಲ್ ತೋಯಬಾರದು. ಬೋರಿನ ನೀರು ಬೇಡವೇ ಬೇಡ: ಅದರ ಉಪ್ಪು ಗೆರೆಯಲ್ಲಿ ಕೂತು ಚಟಪಟ ಎನ್ನುತ್ತದೆ.

78ರ ಗೆರೆ ಅಗಲ, ಅದಕ್ಕೆ ಸುಮಾರು 75 ಮೈಕ್ರಾನಿನ ಮುಳ್ಳು ಬೇಕು. ಎಲ್‌ಪಿಯ ಸಣ್ಣ ಮುಳ್ಳು ತಳಕ್ಕಿಳಿದು ಕಸದ ಸದ್ದನ್ನೇ ಕೇಳಿಸುತ್ತದೆ. ಕೀಲಿ ಕೊಡುವ ಗ್ರಾಮೋಫೋನಿನಲ್ಲಿ ಮಗ್ಗಲಿಗೊಂದು ಹೊಸ ಉಕ್ಕಿನ ಮುಳ್ಳು ಹಾಕಿ. ಅದರ ಮೇಲೆ ಎಲ್‌ಪಿ ಇಟ್ಟಿರೋ, ಒಂದೇ ಸಲಕ್ಕೆ ಕೆಟ್ಟಿತು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ತಗಡಿನ ಕೆಳಗಿನ ಅಟ್ಟದಲ್ಲಿ ಬೇಸಿಗೆಗೆ ಎಲ್‌ಪಿ ಸೊಟ್ಟಗಾಗುತ್ತದೆ. ಧಾರವಾಡದ ಮಳೆಗೆ ಕವರು ಬೂಷ್ಟು ಹಿಡಿಯುತ್ತದೆ.

ಅಂಗಡಿಗಳಿಗೆ ಪೆಟ್ಟು ಬಿದ್ದದ್ದು ನಿನ್ನೆ ಮೊನ್ನೆಯಲ್ಲ. 1980ರ ದಶಕದ ಅಗ್ಗದ ಕ್ಯಾಸೆಟ್ಟು ಪ್ಲೇಟಿನ ಗಿರಾಕಿಯನ್ನು ಕರೆದೊಯ್ದಿತು, ಕ್ಯಾಸೆಟ್ಟಿನ ಗಿರಾಕಿಯನ್ನು ಸಿಡಿ, ಎಂಪಿ3 ಕರೆದೊಯ್ದವು. ಮಾರದ ಮಾಲಿನಲ್ಲಿ ದುಡ್ಡು ಸಿಕ್ಕಿಬಿತ್ತು, ಬಾಡಿಗೆ ಮಾತ್ರ ಏರುತ್ತಲೇ ಹೋಯಿತು. ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು, ಗಂಗೂಬಾಯಿ ನಮ್ಮವರು ಎಂದು ಭಾಷಣ ಮಾಡುವ ನಾವು ಅವರ ಪ್ಲೇಟನ್ನು ಕಿಲೋ ಲೆಕ್ಕದಲ್ಲಿ ತೂಗಿಸುತ್ತೇವೆ. ಈ ಸಿಟ್ಟು ನಿಮ್ಮೊಬ್ಬರ ಮೇಲಲ್ಲ. ನೀವು ಕೇಳಿಯಾದರೂ ಕೇಳಿದಿರಿ.

ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ: ಹಾಡಿದವರು, ರಾಗ, ಲೇಬಲ್ಲಿನ ನಂಬರು, ಲೇಬಲ್ಲಿನ ಸುತ್ತ ಕೊರೆದ ನಂಬರು. ಕವರಿನ ಮೇಲೆ ಅಪ್ಪಾರು ತಾರೀಕು ಬರೆದಿದ್ದರೆ ಅದನ್ನೂ. ಕವರು ಬದಲಿಸಿದರೂ ಹಳೆಯದನ್ನು ಬಿಸಾಡಬೇಡಿ.